ಪಿಆರ್‌ಎಸ್ ರಾಜ್ಯ ಬಜೆಟ್ ವಿಶ್ಲೇಷಣೆ: ಹಾಸನದ ಅಧ್ಯಾಪಕರೊಬ್ಬರ ಬಳಕೆಯ ಅನುಭವ

ಹಾಸನದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುವ ನಾನು, ರಾಜ್ಯದ ನೀತಿಗಳ ಪಾಠಕ್ಕೆ ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ಪ್ರಕಟಣೆಗಳನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. 2005ರಲ್ಲಿ ಆರಂಭವಾದ, ಯಾವ ಪಕ್ಷಕ್ಕೂ ಸೇರದ ಈ ಸಂಸ್ಥೆ ಸಂಸತ್ತಿನ ಮಸೂದೆಗಳ ಜೊತೆಗೆ ರಾಜ್ಯಗಳ ಬಜೆಟ್‌ಗಳನ್ನೂ ವಿಶ್ಲೇಷಿಸಿ ಉಚಿತವಾಗಿ ಒದಗಿಸುತ್ತದೆ.

ಇದರ ಉಪಯೋಗವೇನೆಂಬುದಕ್ಕೆ ಕರ್ನಾಟಕದ 2024-25ರ ಬಜೆಟನ್ನೇ ನೋಡಬಹುದು. ಪತ್ರಿಕೆಗಳಲ್ಲಿ ಬಂದ ಬಜೆಟ್ ಗಾತ್ರ 3.71 ಲಕ್ಷ ಕೋಟಿ ರೂಪಾಯಿ. ಹಳೆಯ ಸಾಲ ಮರುಪಾವತಿಗೆ ಇಟ್ಟಿದ್ದ ಸುಮಾರು 25 ಸಾವಿರ ಕೋಟಿಯೂ ಅದರಲ್ಲಿ ಸೇರಿತ್ತು. ಪಿಆರ್‌ಎಸ್ ಸಾಲ ಮರುಪಾವತಿಯನ್ನು ಬಿಟ್ಟು ವೆಚ್ಚವನ್ನು ಲೆಕ್ಕ ಹಾಕುವುದರಿಂದ ಅಲ್ಲಿ ಸಿಗುವ ಮೊತ್ತ ಸುಮಾರು 3.46 ಲಕ್ಷ ಕೋಟಿ. ಎಲ್ಲ ರಾಜ್ಯಗಳಿಗೂ ಇದೇ ವಿಧಾನವನ್ನು ಅನುಸರಿಸುವುದರಿಂದ ಕರ್ನಾಟಕವನ್ನು ಕೇರಳದೊಡನೆಯೋ ತಮಿಳುನಾಡಿನೊಡನೆಯೋ ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿರುತ್ತದೆ. ಅದೇ ವರ್ಷ ವಿತ್ತೀಯ ಕೊರತೆಯ, ಅಂದರೆ ಸಾಲದಿಂದ ತುಂಬಿಕೊಳ್ಳಬೇಕಾದ ಒಟ್ಟು ಕೊರತೆಯ, ಅಂದಾಜು ರಾಜ್ಯದ ಒಟ್ಟು ಉತ್ಪನ್ನದ ಶೇ 2.95ರಷ್ಟಿತ್ತು, ಕಾನೂನು ಹಾಕಿದ ಶೇ 3ರ ಮಿತಿಯೊಳಗೇ ಇತ್ತು. ಆದರೆ 27,354 ಕೋಟಿ ರೂಪಾಯಿಯ ರಾಜಸ್ವ ಕೊರತೆಯೂ ಇತ್ತು, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ದಿನನಿತ್ಯದ ಖರ್ಚು ತೆರಿಗೆ ಮುಂತಾದ ಆದಾಯವನ್ನು ಅಷ್ಟು ಮೀರಿತ್ತು. ಗ್ಯಾರಂಟಿ ಯೋಜನೆಗಳಿಂದ ಖಜಾನೆ ಬರಿದಾಯಿತೆಂದು ಒಬ್ಬರು, ಏನೂ ಆಗಿಲ್ಲವೆಂದು ಇನ್ನೊಬ್ಬರು ವಾದಿಸುವ ತರಗತಿಯಲ್ಲಿ ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟರೆ, ಸಾಲ ಮಿತಿಯೊಳಗಿದ್ದರೂ ಅದರ ಒಂದು ಭಾಗ ದಿನನಿತ್ಯದ ಖರ್ಚಿಗೇ ಹೋಗುತ್ತಿದೆ ಎಂಬುದು ಇಬ್ಬರಿಗೂ ಮನವರಿಕೆಯಾಗುತ್ತದೆ.

ಗ್ಯಾರಂಟಿ ಸರಿಯೇ ತಪ್ಪೇ ಎಂಬ ತೀರ್ಪನ್ನು ಈ ವಿಶ್ಲೇಷಣೆ ಕೊಡುವುದಿಲ್ಲ. ಕೆಲವು ವಿದ್ಯಾರ್ಥಿಗಳಿಗೆ ಇದು ಸಪ್ಪೆ ಎನಿಸುತ್ತದೆ. ನನಗೆ ಅದೇ ಇಷ್ಟ. ಹಾಗಿದ್ದರೂ ಯಾವ ಅಂಕಿಯನ್ನು ಮುಂದಿಡಬೇಕೆಂಬ ಆಯ್ಕೆ ಯಾರೋ ಒಬ್ಬರದ್ದೇ ಆದ್ದರಿಂದ ಹಣಕಾಸು ಇಲಾಖೆಯ ಮೂಲ ದಾಖಲೆಯನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಜಿಲ್ಲೆಯ ಮಟ್ಟಕ್ಕೆ ಇದು ಇಳಿಯುವುದಿಲ್ಲ. ಆಲೂರು, ಸಕಲೇಶಪುರದ ಕಾಡಾನೆ ಹಾವಳಿಗೆ ಪರಿಹಾರವೆಂದು ಎಷ್ಟು ಹಣ ಬಂತು, ಹೇಮಾವತಿ ನಾಲೆಗಳ ದುರಸ್ತಿಗೆ ಎಷ್ಟು ಖರ್ಚಾಯಿತು ಎಂದು ಕೇಳುವವರು ಆಯಾ ಇಲಾಖೆಯ ದಾಖಲೆಗಳನ್ನೂ ಮಹಾಲೇಖಪಾಲರ ವರದಿಗಳನ್ನೂ ಹುಡುಕಬೇಕು. ಒಂದು ನೀತಿಯಿಂದ ಜನರ ಬದುಕಿನಲ್ಲಿ ಏನು ಬದಲಾಯಿತೆಂಬ ಪ್ರಶ್ನೆಗೆ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯನ್ನು ಅಧ್ಯಯನ ಮಾಡುವ ಐಸೆಕ್ ಸಂಸ್ಥೆಯ ಅಧ್ಯಯನಗಳು ಹೆಚ್ಚು ಉಪಯುಕ್ತ. ಬಜೆಟ್ ವಿಶ್ಲೇಷಣೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನೇ ಒಂದು ಪುಟದ ಟಿಪ್ಪಣಿ ಬರೆದು ಹಂಚುತ್ತೇನೆ.

ಹೊಸದಾಗಿ ಓದುವವರು ಮೊದಲು ಕೋಷ್ಟಕದಲ್ಲಿ ಎರಡು ವರ್ಷ ಹಿಂದಿನ ವಾಸ್ತವ ಲೆಕ್ಕದ ಕಾಲಂ ನೋಡಲಿ. ಈ ವರ್ಷದ ಅಂದಾಜು ಎಷ್ಟು ನಂಬಲರ್ಹ ಎಂಬುದರ ಸುಳಿವು ಅಲ್ಲಿಯೇ ಸಿಗುತ್ತದೆ.