ಹಾಟ್ ರಾಡ್ ಕಟ್ಟಿಸ್ತಿದ್ದೀರಾ? ಹಿಂದಿನ ಆಕ್ಸಲ್‌ಗೆ ಪೂರ್ತಿ ವೆಲ್ಡ್ ಹಾಕಿಸೋ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮ ಕನ್ನಡದವರಲ್ಲಿ ಹಳೇ ಫೋರ್ಡ್ ಹುಚ್ಚು ಹಿಡಿದವರು ಕೆಲವರಾದರೂ ಇದ್ದೀರಿ. ಇದು ನಿಮಗೆ. ಫ್ರೇಮನ್ನು ಯಾವುದಾದರೂ ಶಾಪ್‌ಗೆ ಕೊಟ್ಟು ಹಿಂದಿನ ಆಕ್ಸಲ್ ಕೂರಿಸಿಕೊಡಿ ಅನ್ನುವ ಯೋಚನೆಯಿದ್ದರೆ ಒಂದು ಮಾತು. ಕಾರು ತನ್ನ ಪೂರ್ತಿ ತೂಕ ಹೊತ್ತು, ತನ್ನದೇ ಟೈರ್ ಮೇಲೆ ನೆಲದಲ್ಲಿ ನಿಲ್ಲುವ ತನಕ ಆಕ್ಸಲನ್ನು ಫ್ರೇಮಿಗೆ ಹಿಡಿಸುವ ಒಂದು ಬ್ರಾಕೆಟ್‌ಗೂ ಪೂರ್ತಿ ವೆಲ್ಡ್ ಹಾಕಲು ಬಿಡಬೇಡಿ. ನನ್ನ ಕಾರಿಗೆ ಹಾಕಿದರು. ಬೇಡ ಎಂದು ಆರ್ಡರ್ ಹಾಳೆಯಲ್ಲೇ ಬರೆದುಕೊಟ್ಟಿದ್ದೆ, ಆದರೂ ಹಾಕಿದರು.

ಹಾಟ್ ರಾಡ್ ಅಂದರೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಹಳೇ ಫೋರ್ಡ್ ತಗೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಜೋರಾದ ಇಂಜಿನ್ ಕೂರಿಸಿ ಓಡಿಸುವುದು. ದಕ್ಷಿಣ ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್‌ನಂಥ ಒಣಗಿದ ಕೆರೆಗಳಲ್ಲಿ ಹುಡುಗರು ಇಂಥ ಕಾರುಗಳನ್ನು ಓಡಿಸುತ್ತಿದ್ದರು. 1937ರಲ್ಲಿ ಅವರಿಗೆ ಎಸ್‌ಸಿಟಿಎ (ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್) ಅಂತ ಒಂದು ಸಂಘವೂ ಆಯಿತು. ಆ ಕಾಲದ ರೀತಿಯಲ್ಲೇ ಈಗ ಕಟ್ಟಿದರೆ ಅದು ಟ್ರೆಡಿಷನಲ್ ಹಾಟ್ ರಾಡ್.

ನನ್ನದು 1931ರ ಮಾಡೆಲ್ ಎ ಕೂಪೆ ಬಾಡಿ. ಕೆಳಗೆ 1932ರ ಮಾದರಿಯಲ್ಲಿ ಹೊಸದಾಗಿ ಮಾಡಿದ ಫ್ರೇಮ್. ಫ್ಲಾಟ್‌ಹೆಡ್ ವಿ8 ಇಂಜಿನ್, ಟಿ5 ಗೇರ್‌ಬಾಕ್ಸ್, ಹಿಂದೆ ಫೋರ್ಡ್ 9 ಇಂಚಿನ ಆಕ್ಸಲ್ (ಆ ಅಳತೆ ಒಳಗಿನ ರಿಂಗ್ ಗೇರ್‌ನದು). ತುಂಬಾ ಜನ ಹೀಗೇ ಕಟ್ಟುತ್ತಾರೆ. ಆದರೆ ಒಂದು ತೊಡಕಿದೆ. ಮಾಡೆಲ್ ಎ ವೀಲ್‌ಬೇಸ್, ಅಂದರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗಿನ ದೂರ, 103.5 ಇಂಚು, 1932ರ ಫೋರ್ಡ್‌ನದು 106. ಬಾಡಿಯ ಹಿಂಗಾಲಿ ಕಮಾನು ಕತ್ತರಿಸಿರುವುದು ಮೊದಲಿನ ಅಳತೆಗೆ. ಮಡ್‌ಗಾರ್ಡ್ ಇಲ್ಲದ ಕಾರಿನಲ್ಲಿ ಗಾಲಿ ಕಮಾನಿನ ನಡುವೆ ಇದೆಯೋ ಇಲ್ಲವೋ ಅನ್ನುವುದು ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತದೆ. ಅದಕ್ಕೇ ಹಾಳೆಯಲ್ಲಿ ಬರೆದಿದ್ದೆ: ಬಾಡಿ ಇಟ್ಟು ನೋಡಿ ಜಾಗ ಗುರುತು ಮಾಡಿ, ಅಲ್ಲಿಯವರೆಗೆ ಟ್ಯಾಕ್ ವೆಲ್ಡ್ (ಬೇಕಾದರೆ ಕಿತ್ತುಹಾಕಬಹುದಾದ ಚುಕ್ಕೆ ವೆಲ್ಡ್) ಮಾತ್ರ.

ಶಾಪಿನವರು ಬರೀ ಫ್ರೇಮನ್ನು ಟೇಬಲ್ ಮೇಲಿಟ್ಟು, 106 ಇಂಚಿಗೆ ಆಕ್ಸಲ್ ನಿಲ್ಲಿಸಿ, ಬ್ರಾಕೆಟ್ ಎಲ್ಲಾ ಗಟ್ಟಿಯಾಗಿ ವೆಲ್ಡ್ ಮಾಡಿ, ಮೇಲೆ ಪೌಡರ್ ಕೋಟಿಂಗ್ ಬೇರೆ ಮಾಡಿಸಿ ಕಳಿಸಿದರು. ನೋಡಲು ಚೆನ್ನಾಗಿಯೇ ಇತ್ತು. ಬಾಡಿ ಇಳಿಸಿದಾಗ ಗಾಲಿಯ ನಡು ಕಮಾನಿನ ನಡುವಿಗಿಂತ ಒಂದು ಇಂಚಿಗೂ ಜಾಸ್ತಿ ಹಿಂದಕ್ಕಿತ್ತು. ಫೋನ್ ಮಾಡಿದರೆ, "ಫ್ರೇಮಿನ ಅಳತೆಯೇ ಅದು" ಎಂಬ ಉತ್ತರ.

ಇಷ್ಟೇ ಆಗಿದ್ದರೆ ಬರೀ ನೋಟದ ವಿಷಯ, ಸಹಿಸಿಕೊಳ್ಳಬಹುದಿತ್ತು. ನಿಜವಾದ ತೊಂದರೆ ಓಡಿಸಿದಾಗ ಶುರುವಾಯಿತು. ಗಂಟೆಗೆ 45–50 ಮೈಲಿ ದಾಟಿದರೆ ಸೀಟಿನ ಕೆಳಗೆ ಒಂದೇ ಸಮ ನಡುಕ. ಗಾಲಿ ಬ್ಯಾಲೆನ್ಸ್ ಮಾಡಿಸಿದೆ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಹೋಗುವ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ. ಹೋಗಲಿಲ್ಲ.

ಕಾರಣ ಪಿನಿಯನ್ ಕೋನ. ಪಿನಿಯನ್ ಅಂದರೆ ಆಕ್ಸಲ್‌ನ ಮುಂದುಗಡೆ ಶಾಫ್ಟ್ ಬಂದು ಸೇರುವ ಗೇರ್. ಗೇರ್‌ಬಾಕ್ಸಿನ ಹಿಂದಿನ ತುದಿ ಸುಮಾರು 3 ಡಿಗ್ರಿ ಕೆಳಕ್ಕೆ ಬಗ್ಗಿರುತ್ತದೆ. ಪಿನಿಯನ್ ಅಷ್ಟೇ ಮೇಲಕ್ಕೆ ಮುಖ ಮಾಡಿರಬೇಕು, ಆಗ ಎರಡೂ ಸಮಾನಾಂತರ. ಶಾಫ್ಟಿನ ಎರಡು ತುದಿಯಲ್ಲಿರುವ ಯುನಿವರ್ಸಲ್ ಜಾಯಿಂಟ್ (ಬಾಗಿದರೂ ತಿರುಗುವ ಕೀಲು) ಓರೆಯಾಗಿ ತಿರುಗುವಾಗ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರಿಳಿಯುತ್ತದೆ. ಎರಡು ಕಡೆಯ ಕೋನ ಸಮ ಇದ್ದರೆ ಮುಂದಿನ ಜಾಯಿಂಟ್ ಮಾಡಿದ್ದನ್ನು ಹಿಂದಿನದು ಸರಿಮಾಡುತ್ತದೆ. ಇಲ್ಲದಿದ್ದರೆ ನಡುಕ. ಟೇಬಲ್ ಮೇಲೆ ಕೋನ ಸರಿಯಾಗಿಯೇ ಇತ್ತಂತೆ, ಇರಬಹುದು. ಆದರೆ ಆಗ ಸ್ಪ್ರಿಂಗ್ ಮೇಲೆ ತೂಕವೇ ಇರಲಿಲ್ಲ. ಇಂಜಿನ್, ಬಾಡಿ, ಪೆಟ್ರೋಲ್, ಇಬ್ಬರು ಜನ ಎಲ್ಲಾ ಸೇರಿದ ಮೇಲೆ ಫ್ರೇಮ್ 2 ಇಂಚು ಕುಸಿಯಿತು. ಫ್ರೇಮಿನಿಂದ ಹಿಂದಕ್ಕೆ ಬಂದು ಆಕ್ಸಲನ್ನು ಹಿಡಿಯುವ ಲ್ಯಾಡರ್ ಬಾರ್ ಉದ್ದ 36 ಇಂಚು, ಅದು ಆಕ್ಸಲ್ ಹೌಸಿಂಗ್‌ಗೆ (ಆಕ್ಸಲ್‌ನ ಹೊರಗವಸಿಗೆ) ಬಿಗಿಯಾಗಿ ಕೂತಿರುತ್ತದೆ. ಫ್ರೇಮ್ ಕುಸಿದು, ಅದರ ಲೆಕ್ಕದಲ್ಲಿ ಬಾರ್‌ನ ಹಿಂದಿನ ತುದಿ 2 ಇಂಚು ಏರಿದರೆ ಪಿನಿಯನ್ ಮೂತಿ 3 ಡಿಗ್ರಿ ಕೆಳಗೆ ಬಾಗುತ್ತದೆ. ಅಂದರೆ ಇಟ್ಟ ಕೋನ ಪೂರ್ತಿ ಮಾಯ. ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ, ಒಂದು ಆಂಗಲ್ ಗೇಜ್ ಸಾಕು.

ಶಾಪಿನವರು ಆಮೇಲೆ ಹೇಳಿದ ಮಾತು ನನ್ನನ್ನು ಜಾಸ್ತಿ ಕೆರಳಿಸಿತು. "ಟ್ರೆಡಿಷನಲ್ ಕಾರು ಅಲ್ವಾ, ಹಾಗೇ ಇರುತ್ತೆ." ಸುಮ್ನೆ ಮಾತು. 1948ರ ತನಕದ ಫೋರ್ಡ್ ಕಾರುಗಳಲ್ಲಿ ಶಾಫ್ಟ್ ಒಂದು ದಪ್ಪ ಕೊಳವೆಯೊಳಗೆ ಇರುತ್ತಿತ್ತು. ಅದು ಟಾರ್ಕ್ ಟ್ಯೂಬ್. ಅದೂ ಅಕ್ಕಪಕ್ಕದ ರೇಡಿಯಸ್ ರಾಡ್‌ಗಳೂ ಸೇರಿ ಆಕ್ಸಲನ್ನು ಹಿಂದೆ ಮುಂದೆ ಜರುಗದಂತೆ, ತಿರುಚದಂತೆ ಹಿಡಿಯುತ್ತಿದ್ದವು. ಇದ್ದದ್ದೇ ಒಂದು ಜಾಯಿಂಟ್, ಎರಡು ಕೋನ ಹೊಂದಿಸುವ ತಲೆನೋವೇ ಇರಲಿಲ್ಲ. ಆ ಕೊಳವೆ ತೆಗೆದು ಬಯಲು ಶಾಫ್ಟ್ ಹಾಕಿದ ಮೇಲೆ ಅದು ಮಾಡುತ್ತಿದ್ದ ಅಷ್ಟೂ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕು. ಅಡ್ಡಕ್ಕೆ ಒಂದೇ ಲೀಫ್ ಸ್ಪ್ರಿಂಗ್ ಇದ್ದರೆ ಪಕ್ಕಕ್ಕೆ ತೂಗಾಡದ ಹಾಗೆ ಪ್ಯಾನ್‌ಹಾರ್ಡ್ ಬಾರ್ (ಫ್ರೇಮಿನಿಂದ ಆಕ್ಸಲ್‌ಗೆ ಅಡ್ಡಲಾಗಿ ಜೋಡಿಸುವ ಸರಳು) ಕೂಡ ಬೇಕು. ಅದು ಕಾರು ನೆಲದಲ್ಲಿ ನಿಂತಾಗ ಅಡ್ಡಕ್ಕೆ ಮಟ್ಟವಾಗಿ, ಆದಷ್ಟು ಉದ್ದವಾಗಿ ಇರಬೇಕು. ನನ್ನದು ಓರೆಯಾಗಿತ್ತು, ಕಾರಣ ಅದೇ ಟೇಬಲ್.

ಇನ್ನೂ ಇದೆ. ಎಡಗಡೆಯ ವೀಲ್‌ಬೇಸ್‌ಗೂ ಬಲಗಡೆಯದಕ್ಕೂ 3/8 ಇಂಚು ವ್ಯತ್ಯಾಸ. ಕಾರು ಏಡಿಯ ಹಾಗೆ ಓರೆಯಾಗಿ ಹೋಗುತ್ತಿತ್ತು, ನೇರ ರಸ್ತೆಯಲ್ಲೂ ಸ್ಟೀರಿಂಗ್ ಸೊಟ್ಟ. ಮುಂದಿನ ಅಲೈನ್‌ಮೆಂಟ್ ಎಷ್ಟು ಮಾಡಿಸಿದರೂ ಇದು ಸರಿಹೋಗದು. ಫ್ರೇಮಿನ ಮೇಲೆ ಮುಂದುಗಡೆ ಎರಡು ಸಮ ಬಿಂದು ಗುರುತಿಸಿ, ಅಲ್ಲಿಂದ ಆಕ್ಸಲ್ ತುದಿಗಳಿಗೆ ಕರ್ಣ ಅಳೆದಿದ್ದರೆ ಟ್ಯಾಕ್ ಹಂತದಲ್ಲೇ ಸಿಗುತ್ತಿತ್ತು. ಜೊತೆಗೆ, ಹೌಸಿಂಗ್ ಮೇಲೆ ಬಿಡುವು ಕೊಡದೆ ಒಂದೇ ಏಟಿಗೆ ವೆಲ್ಡ್ ಎಳೆದದ್ದರಿಂದ ಹೌಸಿಂಗ್‌ನ ಕೊಳವೆಯೇ ಬಾಗಿತ್ತು. ಒಂದು ಕಡೆ ಆಯಿಲ್ ಸೀಲ್ ಪದೇ ಪದೇ ಸೋರಲು ಅದೇ ಕಾರಣ. ಎರಡನೇ ಶಾಪಿನಲ್ಲಿ ಹೌಸಿಂಗ್ ಒಳಗೆ ನೇರವಾದ ಸರಳು ತೂರಿಸಿ ತೋರಿಸಿದರು. ಎದುರಿನ ತುದಿಯಲ್ಲಿ ಅದು ನಡುವಿಗೆ ಬರಲೇ ಇಲ್ಲ.

ಕಡೆಗೆ ಎಲ್ಲಾ ಕತ್ತರಿಸಿ ಹೊಸದಾಗಿ ಕೂರಿಸಬೇಕಾಯಿತು. ಮೊದಲು ಕೊಟ್ಟ ಮಜೂರಿಗಿಂತ ಬಿಚ್ಚಿ ಕಟ್ಟಿದ ಮಜೂರಿ ಜಾಸ್ತಿ. ಮೊದಲನೆಯವರು ಒಂದು ಡಾಲರ್ ಕೂಡ ವಾಪಸ್ ಕೊಟ್ಟಿಲ್ಲ. ಹೆಸರು ಇಲ್ಲಿ ಹಾಕುವುದಿಲ್ಲ, ದಯವಿಟ್ಟು ಕೇಳಬೇಡಿ.

ಎರಡನೆಯವರು ಕೆಲಸ ಮಾಡಿದ ಕ್ರಮ ನೋಡಿ. ಮೊದಲು ಹಾಕಬೇಕಾದ ಟೈರ್‌ಗಳನ್ನೇ ಹಾಕಿದರು, ಹಿಂದೆ 7.50-16, ಮುಂದೆ 5.50-16. ಇಂಜಿನ್, ಬಾಡಿ ಇಟ್ಟು, ಸೀಟಿನ ಜಾಗದಲ್ಲಿ ಮರಳು ಮೂಟೆ ಹಾಕಿದರು. ಗಾಲಿಯನ್ನು ಕಮಾನಿನ ನಡುವೆ ಕಣ್ಣಿಗೆ ಒಪ್ಪುವಂತೆ ನಿಲ್ಲಿಸಿ, ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿ, ಆಮೇಲೆ ಕರ್ಣ, ಆಮೇಲೆ ಕೋನ. ಆಕ್ಸಲ್ ಮೇಲೇರಿದಾಗ ಫ್ರೇಮಿಗೆ ಬಡಿಯುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಗೇರ್‌ಬಾಕ್ಸಿನ ಸ್ಲಿಪ್ ಯೋಕ್ (ಶಾಫ್ಟಿನ ಜಾರುವ ಮುಂದಿನ ತುದಿ) ಒಳಗೆ ಸರಿಯಲು ಒಂದು ಇಂಚಿನಷ್ಟು ಜಾಗ ಬಿಟ್ಟು ಆಮೇಲೆಯೇ ಶಾಫ್ಟ್ ಉದ್ದ ಅಳೆದರು. ಇಷ್ಟಾದರೂ ಬರೀ ಟ್ಯಾಕ್. ನನ್ನನ್ನು ಕರೆದು ತೋರಿಸಿ, ಒಪ್ಪಿಗೆ ತಗೊಂಡು, ನಂತರ ವೆಲ್ಡ್.

ಅರ್ಧ ಕಟ್ಟಿದ ಕಾರು ಕೊಳ್ಳುವವರಿಗೂ ಇದೇ ಅನ್ವಯ. ಮಾರುವವರು ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿಟ್ಟೇ ತೋರಿಸಿದರೆ, ಇಳಿಸಿ ಎಂದು ಕೇಳಿ. ನೆಲದ ಮೇಲೆ ಎರಡೂ ಕಡೆ ವೀಲ್‌ಬೇಸ್ ಅಳೆಯಿರಿ, ಪಿನಿಯನ್‌ಗೂ ಗೇರ್‌ಬಾಕ್ಸ್‌ಗೂ ಗೇಜ್ ಹಿಡಿಯಿರಿ. ಇಳಿಸಲು ಒಪ್ಪದಿದ್ದರೆ ಮುಂಗಡ ಕೊಡಬೇಡಿ.