ಸಿ219 ಆಂಟಿಬಾಡಿ: ಬ್ಲಾಟ್‌ಗೆ ಧೈರ್ಯವಾಗಿ ತಗೊಳ್ಳಿ, ಫ್ಲೋಗೆ ಬೇಡ

ರೇಟಿಂಗ್: ವೆಸ್ಟರ್ನ್ ಬ್ಲಾಟ್‌ಗೆ 5ಕ್ಕೆ 4.5, ಟಿಶ್ಯೂ ಸ್ಟೈನಿಂಗ್‌ಗೆ 2.5, ಫ್ಲೋ ಸೈಟೊಮೆಟ್ರಿಗೆ 1. (ಬ್ಲಾಟ್ ಅಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಹಾಳೆಗೆ ಎತ್ತಿ, ಬೇಕಾದ್ದನ್ನು ಆಂಟಿಬಾಡಿಯಿಂದ ಹುಡುಕುವುದು. ಫ್ಲೋ ಅಂದರೆ ಸೆಲ್‌ಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಹೊಳಪು ಅಳೆಯುವುದು.)

ನಮ್ಮ ಲ್ಯಾಬಿನ ಕೆಲಸವೇ ಕೀಮೋ ಔಷಧಿಗೆ ಜಗ್ಗದ ಕ್ಯಾನ್ಸರ್ ಸೆಲ್‌ಗಳ ಮೇಲೆ. ಡಾಕ್ಸೊರುಬಿಸಿನ್ ಪ್ರಮಾಣವನ್ನು ತಿಂಗಳುಗಟ್ಟಲೆ ಚೂರುಚೂರೇ ಏರಿಸುತ್ತಾ ಹೋಗುತ್ತೇವೆ. ಕೊನೆಗೆ ಬದುಕಿ ಉಳಿಯುವ ಸೆಲ್‌ಗಳು ಎಷ್ಟೋ ಸಲ ಅದೊಂದಕ್ಕೇ ಅಲ್ಲ, ಹಿಂದೆಂದೂ ಮುಖ ನೋಡದ ವಿನ್‌ಬ್ಲಾಸ್ಟಿನ್‌ಗೂ ಪ್ಯಾಕ್ಲಿಟ್ಯಾಕ್ಸೆಲ್‌ಗೂ ಸಾಯುವುದಿಲ್ಲ. ಆಗ ಮೊದಲ ಅನುಮಾನ ಪಿ-ಗ್ಲೈಕೊಪ್ರೋಟೀನ್ ಮೇಲೆ. ಲ್ಯಾಬಿನ ಮಾತಿನಲ್ಲಿ ಪಿ-ಜಿಪಿ. ಸೆಲ್‌ನ ಪೊರೆಯಲ್ಲಿ ಕೂತು, ಎಟಿಪಿ (ಸೆಲ್‌ನ ಇಂಧನ) ಖರ್ಚು ಮಾಡಿ, ಒಳಗೆ ಬಂದ ಔಷಧಿಯನ್ನು ಆಚೆ ತಳ್ಳುವ ಪಂಪು ಇದು. 1976ರಲ್ಲಿ ಜೂಲಿಯಾನೊ ಮತ್ತು ಲಿಂಗ್ ಇದನ್ನು ಹ್ಯಾಮ್‌ಸ್ಟರ್ ಸೆಲ್‌ಗಳಲ್ಲಿ ಗುರುತಿಸಿದರು. ಈ ಪಂಪಿಗೆ ಅಂಟಿ ಅದನ್ನು ತೋರಿಸುವ ಆಂಟಿಬಾಡಿ ಸಿ219 ಕೂಡ ಲಿಂಗ್ ಅವರ ಗುಂಪಿನದೇ, 1985ರದ್ದು. ಇಷ್ಟು ಹಳೆಯ ಕ್ಲೋನ್ (ಒಂದೇ ಮೂಲದ ಸೆಲ್‌ಗಳಿಂದ ಬರುವ ಆಂಟಿಬಾಡಿ) ಇನ್ನೂ ಕ್ಯಾಟಲಾಗ್‌ನಲ್ಲಿದೆ ಅಂದರೆ ಸುಮ್ನೆ ಅಲ್ಲ. ವರ್ಷಗಳಿಂದ ಬಳಸುತ್ತಿದ್ದೇವೆ, ಬ್ಲಾಟ್‌ನಲ್ಲಿ ಇದು ಕೈಕೊಟ್ಟಿದ್ದು ಕಡಿಮೆ.

ಆದರೆ "ಬ್ಯಾಂಡೇ ಬರ್ತಿಲ್ಲ" ಅಂತ ಇದನ್ನು ಬೈಯುವವರು ತುಂಬಾ ಜನ. ಅವರಿಗೆ ನನ್ನ ಮೊದಲ ಪ್ರಶ್ನೆ: ಸ್ಯಾಂಪಲ್ ಕುದಿಸಿದ್ರಾ? ಬೇರೆ ಪ್ರೋಟೀನ್‌ಗಳಿಗೆ ಮಾಡುವ ಹಾಗೆ 95 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೆ ಪಿ-ಜಿಪಿ ಗಂಟುಗಟ್ಟುತ್ತದೆ. ಪೊರೆಯನ್ನು ಹನ್ನೆರಡು ಸಲ ದಾಟಿ ಹೋಗುವ, 1280 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನ್ ಅದು. ಗಂಟುಗಟ್ಟಿದ್ದು ಜೆಲ್‌ನ ಬಾಯಲ್ಲೇ ಕೂತುಬಿಡುತ್ತದೆ, ಕೆಳಗೆ ಇಳಿಯುವುದೇ ಇಲ್ಲ. ನಾವು ಲೋಡಿಂಗ್ ಬಫರ್ ಹಾಕಿ 37 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇಡುತ್ತೇವೆ, ಅಷ್ಟೇ. ಜೆಲ್ 7.5 ಪರ್ಸೆಂಟ್. ಟ್ರಾನ್ಸ್‌ಫರ್ ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ. ಅರ್ಧ ಗಂಟೆಯ ಸೆಮಿ-ಡ್ರೈನಲ್ಲಿ ಇಷ್ಟು ದೊಡ್ಡ ಪ್ರೋಟೀನ್ ಸರಿಯಾಗಿ ಮೆಂಬ್ರೇನ್‌ಗೆ ಹತ್ತುವುದಿಲ್ಲ.

ಇಷ್ಟು ಮಾಡಿದರೆ 170 ಕಿಲೋಡಾಲ್ಟನ್ ಹತ್ತಿರ ಅಗಲವಾದ, ಮೇಲೆ ಕೆಳಗೆ ಹರಡಿದ ಒಂದು ಪಟ್ಟಿ ಕಾಣುತ್ತದೆ. ನೆಟ್ಟಗೆ ಗೆರೆ ಎಳೆದಂಥ ಬ್ಯಾಂಡ್ ಬರಲಿಲ್ಲ ಅಂತ ಗಾಬರಿ ಬೇಡ. ಪ್ರೋಟೀನ್‌ಗೆ ಅಂಟಿದ ಸಕ್ಕರೆ ಸರಪಳಿಗಳು ಅದನ್ನು ಹಾಗೆ ಹರಡುತ್ತವೆ. ಪಿಎನ್‌ಜಿ-ಏಸ್ ಎಫ್ ಎಂಬ ಎಂಜೈಮ್ ಹಾಕಿ ಸಕ್ಕರೆ ಕತ್ತರಿಸಿದರೆ ಪಟ್ಟಿ 140ರ ಸುತ್ತ ಇಳಿಯುತ್ತದೆ. ಅನುಮಾನ ಬಂದಾಗ ಇದೇ ಒಳ್ಳೆ ಪರೀಕ್ಷೆ.

ಇನ್ನು ತಕರಾರುಗಳು. ಸಿ219 ಅಂಟುವ ಜಾಗ ಪಂಪಿನ ಒಳಮೈಯಲ್ಲಿದೆ, ಎಟಿಪಿ ಕೂರುವ ಭಾಗದ ಹತ್ತಿರ. ಜೀವಂತ ಸೆಲ್‌ನ ಹೊರಗಿನಿಂದ ಅದು ಸಿಗುವುದಿಲ್ಲ. ಫ್ಲೋ ಮಾಡಬೇಕೆಂದರೆ ಸೆಲ್ ಫಿಕ್ಸ್ ಮಾಡಿ ಪೊರೆಗೆ ತೂತು ಕೊರೆಯಬೇಕು. ಆಮೇಲೆ ಆ ಸೆಲ್‌ಗಳನ್ನು ವಿಂಗಡಿಸಿ ಮತ್ತೆ ಬೆಳೆಸುವ ಮಾತೇ ಇಲ್ಲ. ಅದಕ್ಕೇ 1 ಅಂಕ.

ಇನ್ನೊಂದು, ಇದಕ್ಕೆ ನೆಂಟರು ಜಾಸ್ತಿ, ಅಂದರೆ ಬೇರೆ ಪ್ರೋಟೀನ್‌ಗಳಿಗೂ ಅಂಟುತ್ತದೆ. ಟಿಶ್ಯೂ ಸ್ಟೈನಿಂಗ್‌ಗೆ 2.5 ಕೊಟ್ಟದ್ದು ಅದಕ್ಕೇ. ಪಿತ್ತಜನಕಾಂಗದಲ್ಲಿರುವ ಎಂಡಿಆರ್3 ಎಂಬ, ಪಿ-ಜಿಪಿಯನ್ನೇ ಹೋಲುವ ಪ್ರೋಟೀನ್‌ಗೂ ಅಂಟುತ್ತದೆ. ಸ್ನಾಯುವಿನ ಮಯೋಸಿನ್‌ಗೂ ಅಂಟುತ್ತದೆ ಅಂತ 1989ರಲ್ಲೇ ವರದಿಯಾಗಿದೆ. ಸ್ತನ ಕ್ಯಾನ್ಸರ್ ಮೇಲೆ ಕೆಲಸ ಮಾಡುವವರು ಮುಖ್ಯವಾಗಿ ನೋಡಬೇಕಾದದ್ದು ಹರ್2, ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಜಾಸ್ತಿಯಾಗುವ ಪ್ರೋಟೀನ್. ಅದಕ್ಕೂ ಇದು ಅಂಟುತ್ತದೆ ಅಂತ 1997ರಲ್ಲಿ ಪ್ರಕಟವಾಯಿತು. ಹರ್2 ಇರುವುದು 185ರಲ್ಲಿ, ಪಿ-ಜಿಪಿ 170ರಲ್ಲಿ. ಹರಡಿದ ಬ್ಯಾಂಡಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದಾ? ಇಲ್ಲ ಅಲ್ವಾ. ಹಾಗಾಗಿ ಹರ್2 ಜಾಸ್ತಿ ಇರುವ ಎಸ್‌ಕೆ-ಬಿಆರ್-3 ಸೆಲ್‌ಗಳ ಲೈಸೇಟ್ (ಸೆಲ್ ಒಡೆದ ರಸ) ಅನ್ನು ಪಕ್ಕದ ಲೇನ್‌ನಲ್ಲಿ ಓಡಿಸುತ್ತೇವೆ.

ಕಂಟ್ರೋಲ್ ವಿಷಯ ಬಂತು, ಒಂದು ಮಾತು. ಹಳೆಯ ಪೇಪರ್‌ಗಳಲ್ಲಿ ಎಂಸಿಎಫ್-7/ಎಡಿಆರ್ ಅಂತ ಓದಿ, ಅದು ಸ್ತನದ ಸೆಲ್ ಅಂದುಕೊಳ್ಳಬೇಡಿ. ಆ ಹೆಸರಿನಲ್ಲಿ ಓಡಾಡಿದ ಲೈನ್ ಅಂಡಾಶಯದ ಒವಿಸಿಎಆರ್-8ರಿಂದ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ಈಗ ಅದರ ಹೆಸರು ಎನ್‌ಸಿಐ/ಎಡಿಆರ್-ಆರ್‌ಇಎಸ್. ಪಿ-ಜಿಪಿ ಪಾಸಿಟಿವ್ ಕಂಟ್ರೋಲ್ ಆಗಿ ಚೆನ್ನಾಗಿದೆ. ಆದರೆ ಸ್ತನದ ಸೆಲ್ ಆದ ಎಂಸಿಎಫ್-7 ಪಕ್ಕ ಇಟ್ಟು ತಾಯಿ-ಮಗಳು ಅಂತ ಹೋಲಿಸಿದರೆ ಅರ್ಥವಿಲ್ಲ.

ಜೀವಂತ ಸೆಲ್‌ಗೆ ನಾವು ಬಳಸುವುದು ಯುಐಸಿ2. 1992ರಲ್ಲಿ ಮೆಚೆಟ್ನರ್ ಮತ್ತು ರೋನಿನ್ಸನ್ ಪ್ರಕಟಿಸಿದ ಕ್ಲೋನ್. ಹೊರಮೈಗೆ ಅಂಟುತ್ತದೆ. ನನಗೆ ಇದರಲ್ಲಿ ಇಷ್ಟವಾದದ್ದು ಒಂದು ಗುಣ. ವಿನ್‌ಬ್ಲಾಸ್ಟಿನ್‌ನಂಥ ಸಾಗಿಸುವ ಮಾಲು ಕೊಟ್ಟು 37 ಡಿಗ್ರಿಯಲ್ಲಿ ಸ್ಟೈನ್ ಮಾಡಿದರೆ ಇದು ಇನ್ನೂ ಜಾಸ್ತಿ ಅಂಟುತ್ತದೆ. ಪಂಪು ಕೆಲಸ ಮಾಡುವಾಗ ಆಕಾರ ಬದಲಿಸುತ್ತದಲ್ಲ, ಆ ಒಂದು ಭಂಗಿ ಇದಕ್ಕೆ ಒಪ್ಪುತ್ತದೆ. ಗ್ರಾಫಿನಲ್ಲಿ ಗುಡ್ಡ ಬಲಕ್ಕೆ ಸರಿಯುವುದನ್ನು ಕಣ್ಣಾರೆ ನೋಡಬಹುದು. ಸಿ219 ಎಷ್ಟೇ ಗಾಢ ಬ್ಯಾಂಡ್ ಕೊಟ್ಟರೂ ಇದನ್ನು ಹೇಳಲಾರದು. ಮನೆ ಹಿಂದೆ ಬೋರ್‌ವೆಲ್ ಮೋಟಾರು ಇದೆ ಅಂದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತಿದೆ ಅಂತಲ್ಲವಲ್ಲ. ಅದಕ್ಕೇ ಇವೆರಡರ ಜೊತೆ ರೋಡಮೀನ್ 123 ಎಂಬ ಬಣ್ಣವನ್ನು ಹೊರಹಾಕುವ ಪರೀಕ್ಷೆಯೂ ನಮ್ಮಲ್ಲಿ ಕಡ್ಡಾಯ. ಪಂಪನ್ನು ತಡೆಯುವ ವೆರಾಪಮಿಲ್ ಹಾಕಿದಾಗ ಬಣ್ಣ ಒಳಗೇ ಉಳಿಯಿತಾ, ಆಗ ಪಂಪಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಯುಐಸಿ2 ತಗೊಳ್ಳುವವರು ಅದಕ್ಕೆ ಹಚ್ಚಿದ ಹೊಳೆಯುವ ಬಣ್ಣ (ಪಿಇ, ಎಪಿಸಿ ಥರದ್ದು) ನೋಡಿ ತಗೊಳ್ಳಿ. ಡಾಕ್ಸೊರುಬಿಸಿನ್ ತಾನೇ ಕೆಂಪು. 488 ನ್ಯಾನೊಮೀಟರ್‌ನ ನೀಲಿ ಲೇಸರ್ ಬಿದ್ದರೆ ತಾನಾಗಿಯೇ ಹೊಳೆಯುತ್ತದೆ, ಅದೂ ನೇರವಾಗಿ ಪಿಇ ಚಾನೆಲ್‌ನಲ್ಲಿ. ಔಷಧಿಯಲ್ಲೇ ಬೆಳೆಯುತ್ತಿರುವ ಸೆಲ್‌ಗಳಿಗೆ ಪಿಇ ಹಚ್ಚಿದ ಆಂಟಿಬಾಡಿ ಹಾಕಿದರೆ ಯಾವುದು ಔಷಧಿ, ಯಾವುದು ಆಂಟಿಬಾಡಿ ಅಂತ ತಿಳಿಯುವುದಿಲ್ಲ. ಎಪಿಸಿ ತಗೊಳ್ಳಿ. ಇಲಿಯ ಸೆಲ್‌ಗಳಾದರೆ ಯುಐಸಿ2 ಬೇಡವೇ ಬೇಡ, ಅದು ಮನುಷ್ಯರ ಪಿ-ಜಿಪಿಗೆ ಮಾಡಿದ್ದು. ಸಿ219 ಇಲಿಗೂ ಹ್ಯಾಮ್‌ಸ್ಟರ್‌ಗೂ ಆಗುತ್ತದೆ.

ಮೂರೂ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಈ ವಯಲ್‌ಗೆ ಇನ್ನಷ್ಟು ದುಡ್ಡು ಸುರಿಯಬೇಡಿ. ಎಂಆರ್‌ಪಿ1 ಮತ್ತು ಬಿಸಿಆರ್‌ಪಿ ಎಂಬ ಬೇರೆ ಪಂಪುಗಳ ಕಡೆ ನೋಡಿ, ಅವಕ್ಕೆ ಬೇರೆ ಕ್ಲೋನ್‌ಗಳಿವೆ.

ಬೆಲೆ ಜಾಸ್ತಿಯೇ. ಜೊತೆಗೆ ಸಾಗಣೆಯ ತಲೆನೋವು: ನಮ್ಮ ಒಂದು ಆರ್ಡರ್ ಬಂದಾಗ ಡಬ್ಬಿಯ ಜೆಲ್ ಪ್ಯಾಕ್ ಪೂರ್ತಿ ನೀರಾಗಿತ್ತು, ಬದಲಿ ಕೇಳಿದರೆ ಡಿಸ್ಟ್ರಿಬ್ಯೂಟರ್ ಫೋಟೋ ಕೇಳಿದರು. ಆಗಿನಿಂದ ಡಬ್ಬಿ ತೆಗೆಯುವಾಗಲೇ ಫೋಟೋ ಹೊಡೆಯುತ್ತೇವೆ. ಸಿ219 ಬಂದ ದಿನವೇ ಸಣ್ಣ ಟ್ಯೂಬ್‌ಗಳಿಗೆ ಹಂಚಿ −20ರಲ್ಲಿ ಇಡಿ, ಫ್ರಾಸ್ಟ್-ಫ್ರೀ ಫ್ರೀಜರ್ ಮಾತ್ರ ಬೇಡ. ಎಪಿಸಿ, ಪಿಇ ಹಚ್ಚಿದ್ದನ್ನು ಫ್ರೀಜ್ ಮಾಡಲೇಬೇಡಿ, 4 ಡಿಗ್ರಿ ಸಾಕು. ಹೊಸ ಲಾಟ್ ಬಂದಾಗ ಹಳೆಯದರ ಒಂದು ಟ್ಯೂಬ್ ಉಳಿಸಿಕೊಂಡು, ಒಂದೇ ಲೈಸೇಟ್ ಮೇಲೆ ಎರಡನ್ನೂ ಓಡಿಸಿ ನೋಡಿ.