ನಾಟಕದ ಮೇಷ್ಟ್ರುಗಳ ಹಾರ್ಮೋನಿಯಂ ರಿಪೇರಿ ಅಂಗಡಿ: ತುಮಕೂರು, ಚಿಕ್ಕಪೇಟೆ

ತುಮಕೂರಿನ ಚಿಕ್ಕಪೇಟೆಯಲ್ಲಿರುವ ಈ ಅಂಗಡಿಗೆ ಹೆಸರಿನ ಬೋರ್ಡಿಲ್ಲ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ‘ಹಾರ್ಮೋನಿಯಂ ರಿಪೇರಿ’ ಎಂಬ ಬರಹವಷ್ಟೇ ಇದೆ. ಹಾಗಿದ್ದರೂ ಗುಬ್ಬಿ, ಕೊರಟಗೆರೆ, ಶಿರಾ, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ಹಾರ್ಮೋನಿಯಂ ಮೇಷ್ಟ್ರುಗಳಲ್ಲಿ ಇದನ್ನು ಅರಿಯದವರು ಕಡಿಮೆ. ನಾನೂ ಅದೇ ಕಸುಬಿನವನಾದ್ದರಿಂದ, ವಾದ್ಯ ನುಡಿಸಿಯೇ ಸಂಸಾರ ಸಾಗಿಸಬೇಕಾದವರಿಗೆ ಈ ಅಂಗಡಿ ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳ ಕಲಿಕೆಗೆಂದು ಪೆಟ್ಟಿಗೆ ಇಟ್ಟುಕೊಂಡವರು ಇಲ್ಲಿಯವರೆಗೆ ಬರುವ ಅಗತ್ಯವಿಲ್ಲ.

ಕಸುಬಿನ ಲೆಕ್ಕಾಚಾರವನ್ನು ಸ್ವಲ್ಪ ಹೇಳದಿದ್ದರೆ ಅಂಗಡಿಯ ಬೆಲೆ ತಿಳಿಯುವುದಿಲ್ಲ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ವೃತ್ತಿ ಕಂಪನಿಗಳ ಕಾಲ ಮುಗಿದ ಮೇಲೂ ಊರಿನ ರೈತರು, ನೌಕರರು ತಾವೇ ಬಣ್ಣ ಹಚ್ಚಿಕೊಂಡು ಕುರುಕ್ಷೇತ್ರ ಆಡುವ ರೂಢಿ ಇಲ್ಲಿ ನಿಂತಿಲ್ಲ. ಮೇಷ್ಟ್ರಾದವನು ತಿಂಗಳುಗಟ್ಟಲೆ ಸಂಜೆಯ ತಾಲೀಮಿನಲ್ಲಿ ಕಂದ, ವೃತ್ತ, ಮಟ್ಟುಗಳನ್ನು (ಹಾಡಿನ ಧಾಟಿಗಳನ್ನು) ಪಾತ್ರಧಾರಿಗಳಿಗೆ ಬಾಯಿಪಾಠ ಮಾಡಿಸಿ, ನಾಟಕದ ರಾತ್ರಿ ಬೆಳಗಿನ ಜಾವದವರೆಗೆ ನುಡಿಸಬೇಕು. ವರ್ಷದ ಸಂಪಾದನೆಯ ಬಹುಪಾಲು ಬರುವುದು ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದಲ್ಲಿಂದ ಮುಂಗಾರು ಹಿಡಿಯುವವರೆಗೆ. ಆಷಾಢದಲ್ಲಿ ಮದುವೆಯೂ ಇಲ್ಲ, ನಾಟಕವೂ ಇಲ್ಲ. ಅಂಥ ಸೀಸನ್ನಿನ ನಡುವೆ, ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಒಂದು ರೀಡು ಕೈಕೊಟ್ಟರೆ ಆ ರಾತ್ರಿಯ ಸಂಭಾವನೆಗೆ ಸಂಚಕಾರ ಬರುತ್ತದೆ, ಮುಂದಿನ ವರ್ಷ ಆ ಊರಿನವರು ಬೇರೆ ಮೇಷ್ಟ್ರನ್ನು ಹುಡುಕಿಕೊಳ್ಳುತ್ತಾರೆ.

ಯಜಮಾನರ ನಿಜವಾದ ಕೈಚಳಕವಿರುವುದು ಶ್ರುತಿ ಮಾಡುವುದರಲ್ಲಿ. ಹಿತ್ತಾಳೆ ರೀಡಿನ ನಾಲಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ ಎಂಬುದು ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ಎಲ್ಲಿಗೆ ಕೈ ನಿಲ್ಲಿಸಬೇಕು ಎಂಬುದು ಕೆಲವರಿಗಷ್ಟೇ ಗೊತ್ತು. ಪದೇ ಪದೇ ಕೆರೆಸಿಕೊಂಡ ನಾಲಗೆ ತೆಳುವಾಗಿ ಒಂದು ದಿನ ಗಾಳಿಯ ಒತ್ತಡಕ್ಕೆ ಮುರಿದುಬೀಳುತ್ತದೆ. ಇವರು ಮೊದಲು ತಿದಿಯ ಸೋರಿಕೆಯನ್ನು ನಿಲ್ಲಿಸುತ್ತಾರೆ. ಆಮೇಲೆ ರೀಡುಗಳನ್ನು ಬಿಚ್ಚಿ ಧೂಳು ತೆಗೆದು, ನಾಲಗೆ ತನ್ನ ಚೌಕಟ್ಟಿನ ನಡುವೆ ಸರಿಯಾಗಿ ಕುಳಿತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ಸ್ವರ ತಪ್ಪಿದೆ ಎಂದು ತಂದ ರೀಡುಗಳಲ್ಲಿ ಎಷ್ಟೋ ಇಷ್ಟರಲ್ಲೇ ಸರಿಹೋಗಿ, ಕೆರೆಯುವ ಪ್ರಮೇಯವೇ ಬರುವುದಿಲ್ಲ.

ಶ್ರುತಿ ಯಾವ ಬಗೆಯದಾಗಿರಬೇಕು ಎಂದು ಗಿರಾಕಿಯನ್ನು ಕೇಳುವ ರಿಪೇರಿಗಾರರನ್ನು ನಾನು ಬೇರೆಡೆ ಕಂಡದ್ದು ಕಡಿಮೆ. ಸ್ಥಾಯಿಯನ್ನು (ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು) ಹನ್ನೆರಡು ಸಮಭಾಗ ಮಾಡುವ ಪಾಶ್ಚಾತ್ಯ ಪದ್ಧತಿಯಲ್ಲಿ ಅರ್ಧಸ್ವರವೊಂದಕ್ಕೆ 100 ಸೆಂಟ್ ಲೆಕ್ಕ. ಅದರಲ್ಲಿ ಅಂತರ ಗಾಂಧಾರವು (ಮೇಲಿನ ‘ಗ’) ತಂಬೂರಿಯಲ್ಲಿ ತಾನಾಗಿ ಮೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ ನಿಲ್ಲುತ್ತದೆ. ಆಕಾಶವಾಣಿಯು 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯವನ್ನು ದೂರವಿಟ್ಟಿತ್ತಲ್ಲ, ಆಗಿನ ಆಕ್ಷೇಪಗಳಲ್ಲಿ ಗಮಕ (ಸ್ವರವನ್ನು ತೂಗಿ ಜಾರಿಸುವುದು) ನುಡಿಸಲಾಗದು ಎಂಬುದರ ಜೊತೆಗೆ ಈ ಶ್ರುತಿಯ ದೂರೂ ಸೇರಿತ್ತು. ಒಂದೇ ಷಡ್ಜದಲ್ಲಿ (ಆಧಾರ ಸ್ವರವಾದ ‘ಸ’ದಲ್ಲಿ) ಭಜನೆಗೋ ಹಿಂದೂಸ್ತಾನಿ ಗಾಯನಕ್ಕೋ ಸಾಥ್ ನೀಡುವವರು ಕೇಳಿದರೆ ಯಜಮಾನರು ಗಾಂಧಾರವನ್ನು ಇಳಿಸಿ, ತಂಬೂರಿಗೆ ಹೊಂದಿಸಿಕೊಡುತ್ತಾರೆ. ನಾಟಕದವರು ಕೇಳಿದರೆ ಮಾತ್ರ ಖಡಾಖಂಡಿತವಾಗಿ ಬೇಡವೆನ್ನುತ್ತಾರೆ. ‘ಮೇಷ್ಟ್ರೇ, ನಿಮ್ಮ ಕೃಷ್ಣ ಒಂದೂವರೆ ಶ್ರುತಿಗೆ ಹಾಡ್ತಾನೆ, ದ್ರೌಪದಿ ಪಾತ್ರದವರು ಐದೂವರೆ ಕೇಳ್ತಾರೆ. ನಾನು ಯಾರ ಗಾಂಧಾರ ಇಳಿಸಲಿ?’ ಎಂದು ನನಗೆ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಒಂದು ಷಡ್ಜಕ್ಕೆ ಇಂಪಾಗಿ ಹೊಂದಿಸಿದ ಪೆಟ್ಟಿಗೆ ಮತ್ತೊಂದು ಷಡ್ಜಕ್ಕೆ ಬದಲಾದ ಕೂಡಲೇ ಒರಟಾಗಿ ಕೇಳುತ್ತದೆ. ರಾತ್ರಿಯಿಡೀ ಪಾತ್ರದಿಂದ ಪಾತ್ರಕ್ಕೆ ಶ್ರುತಿ ಬದಲಿಸುವವರಿಗೆ ಸಮಭಾಗದ ಪದ್ಧತಿಯ ಸಣ್ಣ ಅಪಸ್ವರವೇ ಲೇಸು.

ಬಯಲು ರಂಗದ ಅನುಭವವೂ ಅವರ ಕೆಲಸದಲ್ಲಿ ಕಾಣುತ್ತದೆ. ಇಬ್ಬನಿ ಬೀಳುವ ರಾತ್ರಿಗಳಲ್ಲಿ ಮರ ತೇವ ಹೀರಿ ಉಬ್ಬಿ ಮನೆಗಳು (ಬೆರಳಿನಿಂದ ಒತ್ತುವ ಪಟ್ಟಿಗಳು) ಅಂಟಿಕೊಳ್ಳುವುದುಂಟು. ಅದಕ್ಕಾಗಿ ಮನೆಗಳ ನಡುವೆ ಎಷ್ಟು ಸಂದು ಬಿಡಬೇಕು, ಸ್ಪ್ರಿಂಗು ಎಷ್ಟು ಬಿಗಿಯಿರಬೇಕು ಎಂಬುದನ್ನು ಪೆಟ್ಟಿಗೆ ಎಲ್ಲಿ ನುಡಿಯುತ್ತದೆ ಎಂದು ವಿಚಾರಿಸಿಯೇ ನಿರ್ಧರಿಸುತ್ತಾರೆ. ಮೈಕಿನಲ್ಲಿ ಕೇಳಿಸುವ ಕಟಕಟ ಸದ್ದನ್ನು ತಪ್ಪಿಸಲು ಮನೆಗಳ ಕೆಳಗಿನ ಸವೆದ ಬಟ್ಟೆಯನ್ನು ಕೇಳದೆಯೇ ಬದಲಿಸುತ್ತಾರೆ. ಎರಡೂ ಕೈಗಳಿಂದ ನುಡಿಸಲು ಅನುಕೂಲವಾದ, ಪಾದದಿಂದ ಗಾಳಿ ತುಂಬುವ ಕಾಲು ಹಾರ್ಮೋನಿಯಂ ಇನ್ನೂ ಕೆಲವು ಹಿರಿಯ ಮೇಷ್ಟ್ರುಗಳ ಬಳಿ ಉಳಿದಿದೆ. ಅದರ ತಿದಿಗೆ ತೇಪೆ ಹಾಕಿಸಲು ನನಗೆ ತಿಳಿದಂತೆ ಈ ಊರಿನಲ್ಲಿ ಇದೊಂದೇ ಜಾಗ. ಇನ್ನೊಂದು ಉಪಕಾರವನ್ನು ಹೇಳಲೇಬೇಕು. ಸೀಸನ್ನಿನಲ್ಲಿ ಪೆಟ್ಟಿಗೆ ಬಿಟ್ಟು ಹೋಗುವವರಿಗೆ ನಾಟಕದ ದಿನ ಬದಲಿ ಪೆಟ್ಟಿಗೆಯೊಂದನ್ನು ಬಾಡಿಗೆಯಿಲ್ಲದೆ ಕೊಡುತ್ತಾರೆ. ಅದು ನೋಡಲು ಹಳೆಯದು, ನುಡಿಸಲು ಚೊಕ್ಕ.

ದೋಷಗಳೂ ಇವೆ, ಅವು ಸಣ್ಣವಲ್ಲ. ಯಜಮಾನರು ಹೇಳಿದ ದಿನಕ್ಕೆ ಕೆಲಸ ಮುಗಿಯುವುದು ಅಪರೂಪ. ಬುಧವಾರ ಎಂದರೆ ಮುಂದಿನ ವಾರ ಎಂದುಕೊಳ್ಳುವುದು ಕ್ಷೇಮ. ಪೆಟ್ಟಿಗೆ ಪಡೆದದ್ದಕ್ಕೆ ರಶೀದಿ ಬರೆದುಕೊಡುವುದಿಲ್ಲ. ಬದಲಿಸಿದ ಹಳೆಯ ರೀಡುಗಳನ್ನು ಕೇಳಿದರೆ ಮಾತ್ರ ಹಿಂತಿರುಗಿಸುತ್ತಾರೆ, ಅದೂ ಒಲ್ಲದ ಮನಸ್ಸಿನಿಂದ. ಹಳೆಯ ಪೆಟ್ಟಿಗೆಗಳ ಒಳ್ಳೆಯ ರೀಡುಗಳಿಗೆ ಇಂದು ಬೇಡಿಕೆ ಇರುವುದರಿಂದ, ಬಿಚ್ಚುವ ಮೊದಲು ಎದುರಿನಲ್ಲೇ ಮೇಲ್ಮುಚ್ಚಳ ತೆಗೆಸಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಯಜಮಾನರು ಅದಕ್ಕೆ ಬೇಸರಿಸಿಕೊಂಡಿಲ್ಲ. ಹೊರಮೈಯ ಪಾಲಿಶ್ ಕೆಲಸ ಒರಟು. ಈಗ ಅನೇಕ ನಾಟಕಗಳಲ್ಲಿ ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡೂ ರಿದಂ ಪ್ಯಾಡೂ ಬಂದು ಕುಳಿತಿವೆ, ಆದರೆ ಅವುಗಳ ರಿಪೇರಿಯನ್ನು ಇವರು ಮುಟ್ಟುವುದಿಲ್ಲ. ಅದಕ್ಕೆ ಬೆಂಗಳೂರೇ ಗತಿ.

ಹೊಸ ಪೆಟ್ಟಿಗೆಗಳನ್ನೂ ಒಂದೆರಡು ಮಾರಾಟಕ್ಕಿಟ್ಟಿದ್ದಾರೆ. ಅವುಗಳ ಬಗ್ಗೆ ವಿಶೇಷವಾಗಿ ಹೇಳುವಂಥದ್ದೇನಿಲ್ಲ. ಆದರೆ ಈ ಕಸುಬಿಗೆ ಹೊಸದಾಗಿ ಇಳಿಯುವ ಹುಡುಗರಿಗೆ ಅವರು ಕೊಡುವ ಸಲಹೆ ಪೆಟ್ಟಿಗೆಗಿಂತ ಬೆಲೆಯುಳ್ಳದ್ದು. ಮನೆಗಳ ಹಲಗೆಯನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಮಾದರಿಯನ್ನು ಕೊಳ್ಳಬೇಡಿರೆಂದು ಅವರು ಹೇಳುತ್ತಾರೆ. ಅದು ಭಾರ ಹೆಚ್ಚು, ಲಗೇಜ್ ಆಟೋದಲ್ಲಿ ಕುಲುಕಿ ಜೋಡಣೆಗಳು ಸಡಿಲಗೊಳ್ಳುತ್ತವೆ, ಬೆಲೆಯೂ ದುಬಾರಿ. ನನ್ನ ಕಾರಣ ಬೇರೆ. ಒಂದೇ ಷಡ್ಜದಿಂದ ನುಡಿಸಿ ಅಭ್ಯಾಸವಾದವನು, ಪಾತ್ರಧಾರಿ ಹೆದರಿ ಅರ್ಧ ಶ್ರುತಿ ಮೇಲಕ್ಕೆ ಎತ್ತಿಕೊಂಡಾಗ, ಹಲಗೆ ಸರಿಸುವಷ್ಟರಲ್ಲಿ ಪದ್ಯವೇ ಮುಗಿದಿರುತ್ತದೆ. ಹನ್ನೆರಡೂ ಮನೆಗಳಿಂದ ಮಟ್ಟು ನುಡಿಸಲು ಕಲಿತವನಿಗೇ ಈ ಕ್ಷೇತ್ರದಲ್ಲಿ ಮತ್ತೆ ಮತ್ತೆ ಕರೆ ಬರುವುದು.

ದರ ನ್ಯಾಯವಾಗಿದೆ. ಮೂರೂವರೆ ಸ್ಥಾಯಿಯ, ಎರಡು ಸಾಲು ರೀಡಿನ ನನ್ನ ಪೆಟ್ಟಿಗೆಯಲ್ಲಿ 84 ರೀಡುಗಳಿವೆ. ಅವೆಲ್ಲವನ್ನೂ ಶುಚಿ ಮಾಡಿ ಶ್ರುತಿ ಕೂಡಿಸಿದ್ದಕ್ಕೆ ಕಳೆದ ಬಾರಿ 3,000 ರೂಪಾಯಿ ತೆಗೆದುಕೊಂಡರು. ತಿದಿ ಬದಲಿಸಿದರೆ ಅದರ ಲೆಕ್ಕ ಬೇರೆ. ಪರಿಚಯದ ಮೇಷ್ಟ್ರುಗಳಿಗೆ ಆಷಾಢದಲ್ಲಿ ಕೆಲಸ ಮಾಡಿಕೊಟ್ಟು, ಹಣವನ್ನು ಸಂಕ್ರಾಂತಿಯ ನಂತರ ನಾಟಕಗಳು ಶುರುವಾದಾಗ ಪಡೆಯುವುದುಂಟು. ಹೊಸಬರು ಆ ಸವಲತ್ತನ್ನು ನಿರೀಕ್ಷಿಸುವಂತಿಲ್ಲ. ದೊಡ್ಡ ಕೆಲಸವಿದ್ದರೆ ಆಷಾಢ ಹುಟ್ಟಿದ ವಾರದಲ್ಲೇ ಪೆಟ್ಟಿಗೆ ತಲುಪಿಸುವುದು ಒಳ್ಳೆಯದು, ಏಕೆಂದರೆ ಶ್ರಾವಣ ಹತ್ತಿರವಾಗುತ್ತಿದ್ದಂತೆ ಭಜನೆ ಮಂಡಳಿಗಳ ಪೆಟ್ಟಿಗೆಗಳು ಬಂದು ಬಾಗಿಲವರೆಗೂ ಸಾಲಾಗಿ ಕೂರುತ್ತವೆ. ಫೋನ್ ಮಾಡಿದರೆ ಎತ್ತುವುದಿಲ್ಲವಾದ್ದರಿಂದ ಬೆಳಿಗ್ಗೆ ಹನ್ನೊಂದರ ಮೇಲೆ ಖುದ್ದಾಗಿ ಹೋಗಬೇಕು.